ಉದ್ಯಾನದ ಮೊಲ ಮತ್ತು ಮರಳು ನೊಣ

ಪ್ರಶ್ನೆ: ನನ್ನ ಮಗಳ ಸಂಸಾರ ಸ್ಪೇನ್‌ನ ಮ್ಯಾಡ್ರಿಡ್ ಬಳಿಯ ಫುಎನ್‌ಲಾಬ್ರಾದಾದಲ್ಲಿದೆ. ಹಿಂದೆ ಅಲ್ಲಿನ ಉದ್ಯಾನದ ಮೊಲಗಳಿಂದ ಕಾಲಾ ಅಜಾರ್ ಹರಡಿತ್ತಂತೆ. ಬಿಹಾರದ ಕಾಯಿಲೆಯೂ ಇದೇ ಏನು? ಮೊಮ್ಮಕ್ಕಳು ಮೊಲಗಳ ಬಳಿ ಸುಳಿಯಬಾರದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಮೊಲದ ಬಳಿ ಸುಳಿದರೆ ಈ ಕಾಯಿಲೆ ಅಂಟುವುದಿಲ್ಲ. ಇದಕ್ಕೆ ಕಾರಣವಾದ ಲೀಶ್ಮೇನಿಯಾ ಎಂಬ ಪರೋಪಜೀವಿಯನ್ನು ಪ್ರಾಣಿಯ ರಕ್ತದಿಂದ ಹೀರಿ ಮನುಷ್ಯರಿಗೆ ದಾಟಿಸುವುದು ಮರಳು ನೊಣ. ಎರಡು ಮೂರು ಮಿಲಿಮೀಟರ್ ಉದ್ದದ, ಮೈತುಂಬ ರೋಮವಿರುವ ಈ ಕೀಟ ಕೂತಾಗಲೂ ರೆಕ್ಕೆಗಳನ್ನು ಮೇಲಕ್ಕೆತ್ತಿಕೊಂಡೇ ಇರುತ್ತದೆ. ಸೊಳ್ಳೆಯಂತೆ ಗುಂಯ್‌ಗುಡದ ಕಾರಣ ಕಚ್ಚುವವರೆಗೂ ಅದರ ಸುಳಿವೇ ಸಿಗದು.

ಬಿಹಾರದ್ದು ಇದರ ಹತ್ತಿರದ ನೆಂಟ. ಆದರೆ ಅಲ್ಲಿ ಲೀಶ್ಮೇನಿಯಾ ಡೊನೊವಾನಿ ಎಂಬ ಪ್ರಭೇದ ಮನುಷ್ಯನಿಂದ ಮನುಷ್ಯನಿಗೆ ನೊಣದ ಮೂಲಕ ಸಾಗುತ್ತದೆ. ಸ್ಪೇನ್‌ನ ಲೀಶ್ಮೇನಿಯಾ ಇನ್‌ಫಾಂಟಮ್‌ಗೆ ಪ್ರಾಣಿಗಳೇ ಆಶ್ರಯ, ಸಾಮಾನ್ಯವಾಗಿ ನಾಯಿ. ಆದ್ದರಿಂದ 2009ರಲ್ಲಿ ಫುಎನ್‌ಲಾಬ್ರಾದಾ ಮತ್ತು ಸುತ್ತಲಿನ ಊರುಗಳಲ್ಲಿ ರೋಗಿಗಳು ಹೆಚ್ಚಿದಾಗ ಮೊದಲು ನಾಯಿಗಳ ಮೇಲೆ ಅನುಮಾನ ಬಂದದ್ದು ಸಹಜ. ಅವುಗಳಲ್ಲಿ ಸೋಂಕು ಏರಿರಲಿಲ್ಲ. ಕೊನೆಗೆ ಗಮನ ಹರಿದದ್ದು ಊರುಗಳ ನಡುವೆ ಹೊಸದಾಗಿ ಬೆಳೆಸಿದ್ದ ಬೋಸ್ಕೆಸುರ್ ಎಂಬ ಹಸಿರು ಉದ್ಯಾನದತ್ತ. ಅಲ್ಲಿ ಕಾಡುಮೊಲಗಳು ವಿಪರೀತ ಹೆಚ್ಚಿದ್ದವು. ಸಾಕಿದ ಮರಳು ನೊಣಗಳಿಗೆ ಆ ಮೊಲಗಳ ರಕ್ತ ಕುಡಿಸಿ ನೋಡಿದಾಗ, ಆರೋಗ್ಯವಾಗಿ ಕಾಣುತ್ತಿದ್ದ ಮೊಲಗಳಿಂದಲೂ ಪರೋಪಜೀವಿ ನೊಣಕ್ಕೆ ದಾಟಿದ್ದು ಖಚಿತವಾಯಿತು. 2012ರ ಕೊನೆಯ ಹೊತ್ತಿಗೆ 446 ಮಂದಿಗೆ ರೋಗ ತಗುಲಿತ್ತು. ಅವರಲ್ಲಿ 286 ಮಂದಿಗೆ ಬಂದದ್ದು ಚರ್ಮದ ಹುಣ್ಣು. ಉಳಿದ 160 ಮಂದಿಯಲ್ಲಿ ರೋಗ ಒಳಾಂಗಗಳಿಗೇ ಇಳಿದಿತ್ತು; ಕಾಲಾ ಅಜಾರ್ ಎನ್ನುವುದು ಇದನ್ನೇ. ಮೊಲಗಳನ್ನು ಹಿಡಿದು ಅವುಗಳ ಸಂಖ್ಯೆಯನ್ನು ಇಳಿಸಲಾಯಿತು. ಉದ್ಯಾನ ಮಾಡಿಕೊಟ್ಟವರು ನಾವು, ದೂರು ಮಾತ್ರ ಮೊಲದ ಮೇಲೆ!

ನಿಮ್ಮ ಮಗಳು ಬೇಸಿಗೆಯ ಸಂಜೆ ಮಕ್ಕಳಿಗೆ ಮೈಮುಚ್ಚುವ ಬಟ್ಟೆ ತೊಡಿಸಲಿ, ಕೀಟ ಓಡಿಸುವ ಮುಲಾಮು ಹಚ್ಚಲಿ. ಮಾಮೂಲಿ ಸೊಳ್ಳೆಪರದೆಯ ಕಣ್ಣುಗಳಲ್ಲಿ ಈ ನೊಣ ನುಸುಳಬಲ್ಲದು. ಇನ್ನೂ ಸಣ್ಣ ಕಣ್ಣಿನ ಪರದೆ ಬೇಕು. ಕಚ್ಚಿದ ಎಷ್ಟೋ ತಿಂಗಳ ಮೇಲೂ ರೋಗ ತಲೆದೋರಬಹುದು. ರಜೆಗೆಂದು ಮೈಸೂರಿಗೆ ಬಂದಾಗ ಯಾರಿಗಾದರೂ ವಾರಗಟ್ಟಲೆ ಜ್ವರ ಬಿಡದೆ, ತೂಕ ಇಳಿದು, ಗುಲ್ಮ ಊದಿಕೊಂಡು ಹೊಟ್ಟೆ ಬಿಗಿದರೆ, ತಾವು ಎಲ್ಲಿ ವಾಸವಾಗಿದ್ದೇವೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಏಕೆಂದರೆ ಇಲ್ಲಿನ ವೈದ್ಯರಿಗೆ ಈ ಕಾಯಿಲೆ ತಟ್ಟನೆ ಹೊಳೆಯುವಂಥದ್ದಲ್ಲ.