ಸಮಾಜ ವಿಜ್ಞಾನ ನಿಕಾಯದಲ್ಲಿ ವಿಷಯಗಳು ಕೂಡುವುದೆಲ್ಲಿ?

ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸಗಳನ್ನು ವಿಶ್ವವಿದ್ಯಾಲಯದ ಸಮಾಜ ವಿಜ್ಞಾನ ನಿಕಾಯವು (ಈ ವಿಭಾಗಗಳೆಲ್ಲ ಸೇರಿದ ಫ್ಯಾಕಲ್ಟಿ) ನಿಜವಾಗಿ ಬೆಸೆಯುತ್ತದೆಯೇ, ಇಲ್ಲವೇ ಒಂದು ಹೆಸರಿನಡಿ ಇರಿಸಿಕೊಂಡಿರುತ್ತದೆಯೇ ಎಂದು ಕೇಳಿದ್ದೀರಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ, ಈಗ ಶಿವಮೊಗ್ಗದ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಿರುವ ನನಗೆ ಕಂಡಂತೆ, ಈ ಬೆಸುಗೆ ನಡೆಯುವುದು ನಿಕಾಯದ ಸಭೆಯಲ್ಲಲ್ಲ, ಅಧ್ಯಯನಕ್ಕೆ ಎತ್ತಿಕೊಂಡ ಸಮಸ್ಯೆಯಲ್ಲಿ.

ಆಡಳಿತದ ವ್ಯವಸ್ಥೆಯೇ ವಿಷಯವಾರು ಇದೆ. ಪಠ್ಯಕ್ರಮವನ್ನು ಆಯಾ ವಿಷಯದ ಅಧ್ಯಯನ ಮಂಡಳಿ ರೂಪಿಸುತ್ತದೆ. ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆ, ನೇಮಕಾತಿ, ಕಾರ್ಯಭಾರ (ಅಧ್ಯಾಪಕರ ಪಾಠದ ಗಂಟೆಗಳ ಲೆಕ್ಕ) ಎಲ್ಲವೂ ವಿಷಯದ ಲೆಕ್ಕದಲ್ಲೇ ನಡೆಯುತ್ತವೆ. ಹೀಗಾಗಿ ಎರಡು ವಿಭಾಗದವರು ಸೇರಿ ಒಂದು ಪತ್ರಿಕೆ ಬೋಧಿಸಲು ಹೊರಟರೆ, ಆ ಗಂಟೆಗಳು ಯಾರ ಕಾರ್ಯಭಾರಕ್ಕೆ ಸೇರಬೇಕೆಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಮುಕ್ತ ಆಯ್ಕೆಯ ಪತ್ರಿಕೆಗಳು ಉಪಯುಕ್ತವೇ, ಆದರೆ ಅವುಗಳಿಂದ ವಿದ್ಯಾರ್ಥಿಗೆ ಇನ್ನೊಂದು ವಿಷಯದ ಪೀಠಿಕೆ ಸಿಗುತ್ತದೆಯೇ ಹೊರತು ಎರಡನ್ನೂ ಹೆಣೆಯುವ ಕೆಲಸ ಅವನ ಪಾಲಿಗೇ ಉಳಿಯುತ್ತದೆ.

ಬೆಸುಗೆ ಎಂದರೇನೆಂದು ತಿಳಿಯಲು ಸಾಗರ ತಾಲ್ಲೂಕಿನ ಕಾಗೋಡನ್ನೇ ನೋಡಿ. 1951ರ ಗೇಣಿದಾರರ ಸತ್ಯಾಗ್ರಹಕ್ಕೆ ಮೊದಲು ಅಲ್ಲಿ ಜಮೀನಿನ ಒಡೆಯರು ಗೇಣಿಯ ಭತ್ತವನ್ನು ದೊಡ್ಡ ಕೊಳಗದಲ್ಲಿ (ಧಾನ್ಯ ಅಳೆಯುವ ಪಾತ್ರೆ) ಅಳೆದುಕೊಳ್ಳುತ್ತಿದ್ದುದು ಗೇಣಿದಾರರ ಮುಖ್ಯ ತಕರಾರಾಗಿತ್ತು. ಕೊಳಗಗಳ ಎಣಿಕೆ ಅಷ್ಟೇ ಇದ್ದರೂ ಪಾತ್ರೆ ಹಿಗ್ಗಿದರೆ ಗೇಣಿ ಏರಿದಂತೆಯೇ, ಅದೂ ಯಾವ ಕರಾರನ್ನೂ ತಿದ್ದದೆ. ಅರ್ಥಶಾಸ್ತ್ರದವರಾದ ನಾವು ಇಷ್ಟನ್ನು ಸಲೀಸಾಗಿ ಲೆಕ್ಕ ಹಾಕುತ್ತೇವೆ. ಆದರೆ ಕಣದಲ್ಲಿ ಕಣ್ಣೆದುರೇ ನಡೆಯುವ ಅಳತೆಯನ್ನು ಗೇಣಿದಾರ ವರ್ಷಗಟ್ಟಲೆ ಏಕೆ ಸಹಿಸಿಕೊಂಡ ಎಂಬುದಕ್ಕೆ ನಮ್ಮ ಲೆಕ್ಕದಲ್ಲಿ ಉತ್ತರವಿಲ್ಲ. ಗೇಣಿದಾರರಲ್ಲಿ ಬಹುಪಾಲು ದೀವರು ಎಂಬ ಸಮುದಾಯದವರು ಎಂಬುದನ್ನೂ, ಒಡೆಯನ ಮುಂದೆ ಯಾರು ಹೇಗೆ ನಿಲ್ಲಬೇಕು, ಏನು ಉಡಬೇಕು ಎಂಬ ಕಟ್ಟುಪಾಡುಗಳನ್ನೂ ಸಮಾಜಶಾಸ್ತ್ರದವರು ಮುಂದಿಟ್ಟಾಗಲೇ ಆ ಕೊಳಗದ ಹಿಂದಿನ ಬಲ ಅರ್ಥವಾಗುತ್ತದೆ. ಅದೇ ಜಗಳ ಸಮಾಜವಾದಿ ಪಕ್ಷದ ಹೋರಾಟವಾಗಿ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾಗಿ, 1952ರಲ್ಲಿ ಅದೇ ಪಕ್ಷದ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ಹೋದ ಬಗೆ ರಾಜ್ಯಶಾಸ್ತ್ರದ ವಸ್ತು.

ಇನ್ನೂ ಮುಂದೆ ಹೋದರೆ ಉಳುವವರಿಗೇ ಭೂಮಿಯ ಹಕ್ಕು ಕೊಡಲು ಹೊರಟ 1974ರ ಭೂಸುಧಾರಣೆಯ ತಿದ್ದುಪಡಿ ಬರುತ್ತದೆ. ಗೇಣಿದಾರರು ಭೂ ನ್ಯಾಯಮಂಡಳಿಗೆ ಹಕ್ಕು ಕೇಳಿ ಸಲ್ಲಿಸಿದ ಫಾರ್ಮ್ ನಂಬರ್ 7ರ ಅರ್ಜಿಗಳಲ್ಲಿ ಯಾವ ಸರ್ವೆ ನಂಬರು, ಎಷ್ಟು ಎಕರೆ ಎಂಬುದು ಸಿಗುತ್ತದೆ. ಆದರೆ ಅರ್ಜಿಯನ್ನೇ ಹಾಕದವರು ಯಾರು, ಗೇಣಿಯೂ ಇಲ್ಲದೆ ಕೂಲಿಗೆ ದುಡಿದವರಿಗೆ ಏನು ದಕ್ಕಿತು ಎಂಬುದನ್ನು ಊರಿಗೆ ಹೋಗಿ ಹಿರಿಯರನ್ನು ಕೇಳಿಯೇ ತಿಳಿಯಬೇಕು. ಕಡತ ಓದುವ ಇತಿಹಾಸದ ಪಳಗಿಕೆ, ಕ್ಷೇತ್ರಕಾರ್ಯದ ಪಳಗಿಕೆ ಎರಡೂ ಒಬ್ಬನಲ್ಲೇ ಇರುವುದು ಅಪರೂಪ.

ಆದ್ದರಿಂದ ವಿಶ್ವವಿದ್ಯಾಲಯವನ್ನು ಆರಿಸುವಾಗ ವಿವರಣಾ ಪುಸ್ತಿಕೆಯಲ್ಲಿ 'ಅಂತರಶಿಸ್ತೀಯ' ಎಂದಿದೆಯೇ ಎಂದು ನೋಡುವುದಕ್ಕಿಂತ, ಇತ್ತೀಚಿನ ಪಿಎಚ್‌.ಡಿ. ಪ್ರಬಂಧಗಳಲ್ಲಿ ಬೇರೆ ವಿಭಾಗದವರು ಸಹ ಮಾರ್ಗದರ್ಶಕರಾಗಿದ್ದಾರೆಯೇ, ಅರ್ಥಶಾಸ್ತ್ರದ ವಿದ್ಯಾರ್ಥಿಯನ್ನು ಸಮಾಜಶಾಸ್ತ್ರದ ಕ್ಷೇತ್ರಕಾರ್ಯಕ್ಕೆ ಸೇರಿಸಿಕೊಳ್ಳುತ್ತಾರೆಯೇ ಎಂದು ವಿಚಾರಿಸಿ. ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಕೂತು ಪ್ರಬಂಧಗಳನ್ನು ತಿರುವಿದರೆ ಮೊದಲನೆಯದು ಗೊತ್ತಾಗುತ್ತದೆ. ಎರಡನೆಯದನ್ನು ಅಲ್ಲಿನ ಸಂಶೋಧನಾ ವಿದ್ಯಾರ್ಥಿಗಳೇ ಹೇಳಬೇಕು.