ಕೃತಕ ಬುದ್ಧಿಮತ್ತೆಯನ್ನು (ಎಐ) ವಿಶ್ವವಿದ್ಯಾಲಯದ ಮಟ್ಟದಲ್ಲಿ ಉಚಿತವಾಗಿ ಆನ್‌ಲೈನ್‌ನಲ್ಲಿ ಕಲಿಯಬಹುದೇ?

ಖಂಡಿತ ಕಲಿಯಬಹುದು. 2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಮ್ಮ ಎಐ ಪಾಠವನ್ನು ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಾಗ ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದ್ದರು. ಅಂಥ ಪಾಠಗಳು ಈಗ ಬೇಕಾದಷ್ಟಿವೆ.

ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೆ ಹೆಲ್ಸಿಂಕಿ ವಿಶ್ವವಿದ್ಯಾಲಯದ ‘ಎಲಿಮೆಂಟ್ಸ್ ಆಫ್ ಎಐ’ ಒಳ್ಳೆಯ ಆರಂಭ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರುತ್ತದೆಂದರೆ ನಾನು ಮೊದಲು ಹೇಳುವುದು ಹಾರ್ವರ್ಡ್ ವಿಶ್ವವಿದ್ಯಾಲಯದ ‘ಸಿಎಸ್50 ಎಐ’ ಎಂಬ ಪಾಠ. ಅಲ್ಲಿ ಪಾಠ ಕೇಳಿ ಸುಮ್ಮನೆ ಕೂರುವಂತಿಲ್ಲ. ಉದಾಹರಣೆಗೆ, ಮನೆಗಳಲ್ಲಿ ಅಡಗಿದ ಬಾಂಬ್‌ಗಳನ್ನು ಸುಳಿವುಗಳಿಂದ ಊಹಿಸುವ ಮೈನ್‌ಸ್ವೀಪರ್ ಆಟವನ್ನು ಆಡುವ ಪ್ರೋಗ್ರಾಂ ಅನ್ನು ನೀವೇ ಬರೆಯಬೇಕು. ಐದು ಮನೆಗಳಲ್ಲಿ ಎರಡು ಬಾಂಬ್‌ಗಳಿವೆ, ಆ ಐದರೊಳಗಿನ ಮೂರರಲ್ಲಿ ಒಂದೇ ಇದೆ ಎಂದಾದರೆ, ಉಳಿದೆರಡರಲ್ಲಿ ಒಂದು ಇರಲೇಬೇಕು. ಈ ತರ್ಕವನ್ನು ಯಂತ್ರಕ್ಕೆ ಕಲಿಸುವಾಗಲೇ ವಿಷಯ ನಿಜವಾಗಿ ತಲೆಗೆ ಹತ್ತುವುದು. ದಯವಿಟ್ಟು ಉತ್ತರವನ್ನು ಎಲ್ಲಿಂದಲೋ ನಕಲು ಮಾಡಬೇಡಿ.

ನಮ್ಮ ದೇಶದಲ್ಲೇ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಇದೆ. ಐಐಟಿ ಪ್ರಾಧ್ಯಾಪಕರ ಪಾಠಗಳು ಉಚಿತ. ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅದಕ್ಕೆ ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಸಿಗುತ್ತದೆಯೇ ಎಂದು ನಿಮ್ಮ ಕಾಲೇಜಿನಲ್ಲಿ ಮೊದಲೇ ವಿಚಾರಿಸಿ.

ಎಐ ಕಲಿಯಲು ಗಣಿತವೂ ಬೇಕು; ಪಿಯುಸಿಯಲ್ಲಿ ಓದಿದ ಮ್ಯಾಟ್ರಿಕ್ಸ್, ಸಂಭವನೀಯತೆ ಮರೆತಿದ್ದರೆ ಆ ಪುಸ್ತಕವನ್ನು ಈಗಲೇ ಹೊರತೆಗೆಯಿರಿ.