ಹೊಳೆಯ ಎರಡೂ ದಂಡೆಯಲ್ಲಿ ಕೇಳಿದ್ದು ಒಂದೇ

ಗಡಿ ಹಳ್ಳಿಯ ಹೆಂಗಸರು ಯಾರು ದುಡ್ಡು ಕೊಟ್ಟರೆ ಅವರಿಗೇ ವೋಟು ಹಾಕ್ತಾರಂತೆ, ನಿಜಾನಾ ಅಂತ ಕೇಳಿದ್ದೀರಿ. ನಮ್ಮೂರು ರಾಯಚೂರು ಜಿಲ್ಲೆಯ ತುಂಗಭದ್ರೆ ದಂಡೆಯಲ್ಲಿದೆ. ಹೊಳೆ ದಾಟಿದರೆ ಆಂಧ್ರ. ನಮ್ಮ ಚಿಗವ್ವನನ್ನು ಆಚೆ ದಂಡೆಗೇ ಕೊಟ್ಟಿದ್ದಾರೆ. ಹಾಗಾಗಿ ಎರಡೂ ಸರ್ಕಾರಗಳ ಸುದ್ದಿ ನಮ್ಮ ಮನೆಗೆ ಬರುತ್ತದೆ.

ದುಡ್ಡಿನ ಮಾತಿಗೆ ಮೊದಲು ಸಾರಾಯಿ ಮಾತು ಆಗಬೇಕು.

1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ರೋಸಮ್ಮ ಮತ್ತು ಅವರ ಜೊತೆಯ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಅಕ್ಷರ ಕಲಿಯೋಕೆ ಕೂಡುತ್ತಿದ್ದ ಬಡ ಹೆಂಗಸರು ಅವರು. ಪಾಠದ ಪುಸ್ತಕದಲ್ಲೇ ಸಾರಾಯಿ ನಿಲ್ಲಿಸಿದ ಊರಿನ ಕಥೆ ಇತ್ತು. ಓದಿದರು, ಎದ್ದು ಹೊರಟರು. ಆಮೇಲೆ ಜಿಲ್ಲೆಯ ತುಂಬಾ ಹೆಂಗಸರು ಸಾರಾಯಿ ಹರಾಜಿಗೇ ಅಡ್ಡ ನಿಂತರು. 1993ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ ರಾಜ್ಯದಲ್ಲೆಲ್ಲ ಸಾರಾಯಿ ನಿಲ್ಲಿಸಿತು. 1994ರ ಚುನಾವಣೆಯಲ್ಲಿ ತೆಲುಗು ದೇಶಂ ಪಕ್ಷದ ಎನ್‌ಟಿಆರ್ ಪೂರ್ತಿ ಪಾನನಿಷೇಧದ ಮಾತು ಕೊಟ್ಟರು. ಸರ್ಕಾರವೇ ಪಾಕೀಟು ಸಾರಾಯಿ ಊರೂರಿಗೆ ಮುಟ್ಟಿಸುವುದು ಶುರುವಾಗಿದ್ದು ಅವರ ಮೊದಲಿನ ಆಳ್ವಿಕೆಯಲ್ಲೇ. ಆದರೂ ಗೆದ್ದರು. 1995ರ ಜನವರಿಯಲ್ಲಿ ನಿಷೇಧ ಜಾರಿಗೂ ಬಂತು.

ಚಿಗವ್ವ ಈಗಲೂ ‘ಎನ್‌ಟಿಆರ್ ಮುಚ್ಚಿಸಿದರು’ ಅನ್ನುತ್ತಾಳೆ. ‘ನಾವು ಮುಚ್ಚಿಸಿದೆವು’ ಅನ್ನಲ್ಲ. ನನಗೆ ಸಂಕಟ ಆಗೋದು ಇಲ್ಲಿ. ಬೀದಿಗೆ ಇಳಿದವರು ಹೆಂಗಸರು, ಹೆಸರು ಸಾಹೇಬರದು. ಸಾಹೇಬರು ಕೊಟ್ಟದ್ದು ಅಂತಾದ ಮೇಲೆ ಇನ್ನೊಬ್ಬ ಸಾಹೇಬರು ಅದನ್ನು ಕಿತ್ತುಕೊಳ್ಳಬಹುದು. 1997ರಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ಆದಾಯ ಸಾಲದು ಅಂತ ನಿಷೇಧ ತೆಗೆಯಿತು. ಅಲ್ಲಿಯವರೆಗೆ ಆಚೆ ದಂಡೆಯ ಗಂಡಸರು ಕುಡಿಯೋಕೆ ಹೊಳೆ ದಾಟಿ ನಮ್ಮ ಕಡೆ ಬರುತ್ತಿದ್ದರು. ಬೇಸಿಗೆಯಲ್ಲಿ ನಡೆದೇ ಬರುತ್ತಿದ್ದರು.

ನಮ್ಮಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ. ಅದರ ಜಾಗಕ್ಕೆ ಅಗ್ಗದ ವಿಸ್ಕಿ ಪಾಕೀಟು ಬಂತು. ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್ ಅನ್ನುವ ಮತ್ತಿನ ಪುಡಿ) ಬೆರೆಸಿದ ಸೇಂದಿ ಬೇರೆ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಸುಮಾರು 200 ಕಿ.ಮೀ. ನಮ್ಮ ಜಿಲ್ಲೆಯವರೂ ಎಷ್ಟೋ ಮಂದಿ ಹೋಗಿದ್ದರು. ಮದ್ಯ ನಿಲ್ಲಿಸಿ ಅಂತ ಕೇಳಿದರು. ದುಡ್ಡು ಕೇಳಲಿಲ್ಲ.

2023ರಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಬಸ್ಸು ಫ್ರೀ ಆಯಿತು, ಮನೆಯೊಡತಿಗೆ ಸರ್ಕಾರದಿಂದ ತಿಂಗಳಿಗೆ 2,000 ರೂಪಾಯಿಯೂ ಬಂತು. ತಪ್ಪು ತಿಳಿಯಬೇಡಿ, ಆ ದುಡ್ಡು ಬೇಕು. ನಮ್ಮವ್ವ ಯಾರ ಮುಂದೂ ಕೈಚಾಚದೆ ಅದರಲ್ಲೇ ಬಿಪಿ ಗುಳಿಗೆ ತರುತ್ತಾಳೆ. ಅದನ್ನು ಬಿಟ್ಟಿ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಪಕ್ಕದ ಮನೆ ಅಕ್ಕನ ದುಡ್ಡು ಬಂದ ಎರಡೇ ದಿನಕ್ಕೆ ಅವಳ ಗಂಡನ ಕುಡಿತಕ್ಕೆ ಹೋಗುತ್ತದೆ. ಕೊಡಲ್ಲ ಅಂದರೆ ಹೊಡೆತ. ಅವಳು ವೋಟು ಹಾಕುವಾಗ ಇವೆರಡೂ ಅವಳ ತಲೆಯಲ್ಲಿ ಇರುತ್ತವೆ, ಅಲ್ವಾ?

ಮಹಾರಾಷ್ಟ್ರದಲ್ಲಿ ಊರಿನ ಹೆಂಗಸರೇ ವೋಟು ಹಾಕಿ ಮದ್ಯದಂಗಡಿ ಮುಚ್ಚಿಸುವ ನಿಯಮ ಇದೆ. ಚೀಟಿಯ ಮೇಲೆ ಎರಡು ಚಿತ್ರ: ನಿಂತ ಬಾಟಲಿ, ಮಲಗಿದ ಬಾಟಲಿ. ಊರಿನ ಅರ್ಧಕ್ಕಿಂತ ಜಾಸ್ತಿ ಮಹಿಳಾ ಮತದಾರರು ಮಲಗಿದ ಬಾಟಲಿಗೆ ಹಾಕಿದರೆ ಅಂಗಡಿ ಬಂದ್. ನಮ್ಮ ಸಂಘದ ಅಕ್ಕಂದಿರು ಮುಂದಿನ ಸಲ ವೋಟು ಕೇಳಲು ಬಂದವರಿಂದ ಅಂಥದ್ದೇ ಚೀಟಿ ಕೇಳುತ್ತಾರಂತೆ.